ಆಯ್ಕೆಯಾಗುವುದು ಮಗು, ಆರಿಸಬೇಕಾದವರು ಹೆತ್ತವರು

ಐದನೆಯ ತರಗತಿಯ ಮಕ್ಕಳಿರುವ ನಮ್ಮ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮಗುವಿಗೆ ನವೋದಯ ಪರೀಕ್ಷೆ ಬರೆಸೋಣವೇ? ಸೀಟು ಸಿಕ್ಕಿದರೆ ಕಳುಹಿಸೋಣವೇ? ಮೊದಲ ಪ್ರಶ್ನೆಗೆ ತಂದೆ ಉತ್ತರ ಕೊಡುತ್ತಾನೆ, ಎರಡನೆಯದಕ್ಕೆ ತಾಯಿ ಕಣ್ಣೀರಿನಿಂದ ಉತ್ತರಿಸುತ್ತಾಳೆ, ಅಜ್ಜ-ಅಜ್ಜಿಯರು ದೀನಿನ ಭಯವನ್ನು ಮುಂದಿಡುತ್ತಾರೆ, ನೆರೆಯವರು ಅಭಿನಂದನೆ ಹೇಳುತ್ತಾರೆ. ಈ ಗದ್ದಲದಲ್ಲಿ ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಈ ಶಾಲೆ ಈ ಮಗುವಿಗೆ ಹೊಂದುತ್ತದೆಯೇ?

ಶಾಲೆ ಒಳ್ಳೆಯದು ಎಂಬುದರಲ್ಲಿ ನಮಗೆ ತಕರಾರಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ, ಹಳ್ಳಿಗಾಡಿನ ಪ್ರತಿಭಾವಂತ ಮಕ್ಕಳಿಗೆ ಹಣದ ಅಡ್ಡಿಯಿಲ್ಲದೆ ಉತ್ತಮ ಶಿಕ್ಷಣ ದೊರೆಯಲೆಂದು ಹುಟ್ಟಿದ ಸಂಸ್ಥೆಗಳಿವು. ಪ್ರಾಯೋಗಿಕವಾಗಿ ಹರ್ಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಆರಂಭವಾದ ಜವಾಹರ ನವೋದಯ ವಿದ್ಯಾಲಯಗಳು ಇಂದು ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ದಕ್ಷಿಣ ಕನ್ನಡದ ಮುಡಿಪು, ಕೊಡಗಿನ ಗಾಳಿಬೀಡು, ಶಿವಮೊಗ್ಗದ ಗಾಜನೂರು ಎಂದರೆ ಆಯಾ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಅಲ್ಲಿನ ನವೋದಯವೇ. ಆರನೆಯ ತರಗತಿಗೆ ಒಂದು ಶಾಲೆಗೆ ಸಾಮಾನ್ಯವಾಗಿ 80 ಮಕ್ಕಳನ್ನು ಆರಿಸಲಾಗುತ್ತದೆ. ಕನಿಷ್ಠ ಶೇ. 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ವಸತಿ, ಊಟ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ವಿಕಾಸ ನಿಧಿಗೆಂದು ತಿಂಗಳಿಗೆ 600 ರೂಪಾಯಿ ಪಡೆಯುವ ಕ್ರಮವಿದ್ದರೂ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ಮಕ್ಕಳಿಗೆ ಅದರಿಂದ ವಿನಾಯಿತಿಯಿದೆ. ಬೀಡಿ ಕಟ್ಟುವ ತಾಯಿಯ ಮಗನೂ ಹಮಾಲಿ ಮಾಡುವ ತಂದೆಯ ಮಗಳೂ ಹನ್ನೆರಡನೆಯ ತರಗತಿಯವರೆಗೆ ಸಿ.ಬಿ.ಎಸ್.ಇ. ಪಠ್ಯಕ್ರಮದಲ್ಲಿ ಓದಲು ಇದಕ್ಕಿಂತ ಮಿಗಿಲಾದ ಬಾಗಿಲು ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ.

ನಮ್ಮ ಸಮುದಾಯಕ್ಕೆ ಈ ಬಾಗಿಲಿನ ಅಗತ್ಯ ಎಷ್ಟೆಂಬುದನ್ನೂ ಬಲ್ಲೆವು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಮಾಡಿದಾಗ ಅದು ನಮ್ಮ ಕಣ್ಣು ತೆರೆಸಿದ ಅಂಕಿಯಾಗಿತ್ತು. ಅಂದಿನಿಂದ ಪ್ರತಿಭಾ ಪುರಸ್ಕಾರಗಳು ನಡೆದವು, ಜಮಾಅತ್‌ಗಳು ವಿದ್ಯಾರ್ಥಿವೇತನ ಕೊಡತೊಡಗಿದವು, ಪ್ರವೇಶ ಪರೀಕ್ಷೆಗಳಿಗೆ ತರಬೇತಿ ಶಿಬಿರಗಳು ಏರ್ಪಟ್ಟವು. ಇವೆಲ್ಲ ಸಂತೋಷದ ಬೆಳವಣಿಗೆಗಳೇ. ಆದರೆ ಇದರ ಜೊತೆಗೇ ಒಂದು ಹೊಸ ಅನ್ಯಾಯವೂ ಸದ್ದಿಲ್ಲದೆ ಒಳಗೆ ಬಂದಿದೆ. ಇಡೀ ಸಮುದಾಯದ ಹಿಂದುಳಿಯುವಿಕೆಯ ಭಾರವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಏರಿಸುತ್ತಿದ್ದೇವೆ. 'ನೀನು ನಮ್ಮ ಊರಿನ ಮಾನ ಉಳಿಸಬೇಕು' ಎಂದು ಆ ಮಗುವಿಗೆ ಹೇಳುವವರು, ರಾತ್ರಿ ಒಬ್ಬನೇ ಮಲಗಲು ಅವನಿಗೆ ಹೆದರಿಕೆಯೇ ಎಂದು ಕೇಳುವುದಿಲ್ಲ. ಮಗು ಸಮುದಾಯದ ಪ್ರತಿನಿಧಿಯಲ್ಲ. ಅಲ್ಲಾಹನು ಆ ಹೆತ್ತವರಿಗೆ ಒಪ್ಪಿಸಿದ ಅಮಾನತ್ತು. ಪ್ರತಿಯೊಬ್ಬನೂ ಕುರುಬನಂತೆ ಹೊಣೆಗಾರನು, ತನ್ನ ಮಂದೆಯ ಕುರಿತು ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಆ ಪ್ರಶ್ನೆ ಎದುರಾದಾಗ, ಊರಿನವರು ಚಪ್ಪಾಳೆ ತಟ್ಟಿದರು ಎಂಬುದು ಉತ್ತರವಾಗಲಾರದು.

ಹಾಗಾದರೆ ನಿರ್ಧಾರ ಹೇಗೆ? ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮ್ಮನ್ನು ಕತ್ತಲೆಯಲ್ಲಿ ಬಿಟ್ಟಿಲ್ಲ. ಅಲ್‌ಬಕರಃ ಅಧ್ಯಾಯದಲ್ಲಿ ಹಾಲು ಬಿಡಿಸುವ ಪ್ರಸ್ತಾಪವಿದೆ. ಎರಡು ವರ್ಷಕ್ಕೆ ಮೊದಲೇ ಮಗುವಿನ ಹಾಲು ಬಿಡಿಸಬೇಕೆಂದಿದ್ದರೆ, ತಂದೆತಾಯಿ ಪರಸ್ಪರ ಒಪ್ಪಿಗೆಯಿಂದ ಸಮಾಲೋಚಿಸಿ ಹಾಗೆ ಮಾಡಬಹುದೆಂದು ಅಲ್ಲಿ ಹೇಳಲಾಗಿದೆ. ತಾಯಿಯ ಎದೆಯಿಂದ ಮಗುವನ್ನು ಬೇರ್ಪಡಿಸುವ ಸಣ್ಣ ವಿಷಯಕ್ಕೂ ಇಬ್ಬರ ಒಪ್ಪಿಗೆ, ಇಬ್ಬರ ಸಮಾಲೋಚನೆ ಬೇಕಾದರೆ, ತಾಯಿಯ ಮನೆಯಿಂದಲೇ ಏಳು ವರ್ಷ ಬೇರ್ಪಡಿಸುವ ನಿರ್ಧಾರವನ್ನು ತಂದೆಯೊಬ್ಬನೇ ಸೌದಿಯಿಂದಲೋ ದುಬೈಯಿಂದಲೋ ಫೋನಿನಲ್ಲಿ ಮಾಡಿಬಿಡುವುದು ಯಾವ ನ್ಯಾಯ? ಮಗುವಿನ ನಿದ್ದೆ, ಹಸಿವು, ಜ್ವರ, ಮುನಿಸು ಎಲ್ಲವನ್ನೂ ಬಲ್ಲವಳು ತಾಯಿ. ಅವಳ ಅಳುವನ್ನು ಮೋಹವೆಂದು ತಳ್ಳಿಹಾಕಬೇಡಿ. ಅದರೊಳಗೆ ಮಗುವಿನ ಕುರಿತ ಮಾಹಿತಿಯಿದೆ. ಅವಳ ಬಳಿ ಕುಳಿತು, ಯಾವ ಕಾರಣಕ್ಕೆ ಬೇಡವೆನ್ನುತ್ತೀ ಎಂದು ಒಂದೊಂದಾಗಿ ಕೇಳಿ.

ಎರಡನೆಯ ಸಮಾಲೋಚನೆ ಮಗುವಿನ ಜೊತೆ. ಪ್ರವಾದಿ ಇಬ್ರಾಹೀಮ್(ಅ)ರು ಕನಸಿನಲ್ಲಿ ಕಂಡದ್ದು ಅಲ್ಲಾಹನ ಆಜ್ಞೆ. ಅದರಲ್ಲಿ ಎರಡನೆಯ ಮಾತಿಲ್ಲ. ಆದರೂ ಅವರು ಮಗನಿಗೆ ವಿಷಯವನ್ನು ತಿಳಿಸಿ ಅವನ ಅಭಿಪ್ರಾಯವೇನೆಂದು ಕೇಳಿದರು. ಈ ಸಂಭಾಷಣೆಯನ್ನು ಕುರ್‌ಆನ್ ದಾಖಲಿಸಿದೆ. ನಮ್ಮ ಕನಸುಗಳು ದಿವ್ಯವಾಣಿಯಲ್ಲ, ಬಹಳವೆಂದರೆ ನೆರೆಮನೆಯ ಮಗುವಿನ ಅಂಕಪಟ್ಟಿಯಿಂದ ಹುಟ್ಟಿದವು. ಹಾಗಿರುವಾಗ ಮಗುವನ್ನು ಕೇಳದೆ ಮುಂದುವರಿಯುವ ಅಧಿಕಾರ ನಮಗೆ ಎಲ್ಲಿಂದ ಬಂತು? ಕೇಳುವುದೆಂದರೆ 'ಹೋಗುತ್ತೀಯಲ್ಲವೇ?' ಎಂದು ಹೌದೆನಿಸುವುದಲ್ಲ. ಅಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಬಟ್ಟೆಯನ್ನು ಯಾರು ಒಗೆಯಬೇಕು, ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ, ಉಮ್ಮನ ಜೊತೆ ಯಾವಾಗ ಮಾತನಾಡಬಹುದು ಎಂಬುದನ್ನೆಲ್ಲ ಮುಚ್ಚಿಡದೆ ಹೇಳಿ, ಬಳಿಕ ಅವನ ಮುಖವನ್ನು ನೋಡುವುದು. ಮಕ್ಕಳು ಬಾಯಿಂದ ಸುಳ್ಳು ಹೇಳಿಯಾರು, ಮುಖದಿಂದ ಹೇಳಲಾರರು.

ಮೂರನೆಯದು ಬಲ್ಲವರ ಜೊತೆ. ಶಾಲೆಯ ಶಿಕ್ಷಕರನ್ನೂ ಮದ್ರಸಾದ ಉಸ್ತಾದರನ್ನೂ ಕೇಳಿ. ಸಾಧ್ಯವಾದರೆ ಈಗಾಗಲೇ ಅಲ್ಲಿ ಓದುತ್ತಿರುವ ಮಗುವಿನ ಹೆತ್ತವರನ್ನೂ ಕೇಳಿ. ಇದಾದ ಮೇಲೆ ಇಸ್ತಿಖಾರಃ ನಮಾಝ್. ಸಮಾಲೋಚನೆಯಿಲ್ಲದೆ ಇಸ್ತಿಖಾರಃ ಮಾಡಿ ಕನಸಿಗಾಗಿ ಕಾಯುವವರಿದ್ದಾರೆ. ಒಂಟೆಯನ್ನು ಕಟ್ಟಿ ಬಳಿಕ ತವಕ್ಕುಲ್ ಮಾಡಬೇಕೆಂಬ ಉಪದೇಶವನ್ನು ಅವರು ನೆನಪಿಸಿಕೊಳ್ಳಲಿ.

ಬುರ್ಹಾನುದ್ದೀನ್ ಝರ್ನೂಜಿಯವರ 'ತಅಲೀಮುಲ್ ಮುತಅಲ್ಲಿಮ್' ಅನೇಕ ದರ್ಸ್‌ಗಳಲ್ಲಿ ಇಂದಿಗೂ ಪಾಠವಾಗುವ ಗ್ರಂಥ. ವಿದ್ಯಾರ್ಥಿ ಗುರುವನ್ನು ಆರಿಸಲು ಅವಸರ ಮಾಡಬಾರದು, ಬೇಕಾದರೆ ಎರಡು ತಿಂಗಳು ಕಾದು ವಿಚಾರಿಸಬೇಕು, ಒಮ್ಮೆ ಆರಿಸಿಕೊಂಡ ಮೇಲೆ ತಾಳ್ಮೆಯಿಂದ ನಿಲ್ಲಬೇಕು ಎಂಬ ಹಿತವಚನ ಅದರಲ್ಲಿದೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಆರಿಸುವಾಗ ಅವಸರ, ಸೇರಿಸಿದ ಮೇಲೆ ಚಂಚಲತೆ. ನವೋದಯದ ಆಯ್ಕೆ ಪರೀಕ್ಷೆಗೆ ಅರ್ಜಿ ಹಾಕುವ ಕಾಲಕ್ಕೂ ಫಲಿತಾಂಶಕ್ಕೂ ನಡುವೆ ತಿಂಗಳುಗಳಿವೆ. ಆ ಅವಧಿಯನ್ನೆಲ್ಲ ಲೆಕ್ಕ ಮಾಡಿಸುವುದರಲ್ಲೇ ಕಳೆದು, ಆಯ್ಕೆಪಟ್ಟಿ ಬಂದ ಮೇಲೆ ನಾಲ್ಕು ದಿನಗಳಲ್ಲಿ ನಿರ್ಧರಿಸುವುದು ವಿವೇಕವಲ್ಲ. ಇದರಲ್ಲಿ ಇನ್ನೊಬ್ಬರ ಹಕ್ಕೂ ಇದೆ. ನೀವು ಬೇಡವೆನ್ನುವ ಸ್ಥಾನಕ್ಕಾಗಿ ಮುಂದಿನ ಪಟ್ಟಿಯಲ್ಲಿ ಇನ್ನೊಂದು ಬಡ ಮಗು ಕಾಯುತ್ತಿರುತ್ತದೆ. ಕೊನೆಯ ಗಳಿಗೆಯವರೆಗೆ ಆ ಸೀಟನ್ನು ಹಿಡಿದಿಟ್ಟುಕೊಂಡು ಕೈಬಿಡುವುದು ಆ ಮಗುವಿಗೆ ಮಾಡುವ ತೊಂದರೆ.

ಪರೀಕ್ಷೆಯ ಸ್ವರೂಪವನ್ನೂ ಅರಿತಿರುವುದು ಒಳಿತು. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಇದರಲ್ಲಿ 50 ಅಂಕಗಳು ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಚಿತ್ರಗಳನ್ನು ನೋಡಿ ಹೋಲಿಕೆ, ವ್ಯತ್ಯಾಸ, ಕ್ರಮ ಗುರುತಿಸುವುದಕ್ಕೆ. ಗಣಿತಕ್ಕೆ 25, ಭಾಷೆಗೆ 25. ಈ ಪರೀಕ್ಷೆ ಏನನ್ನು ಅಳೆಯುತ್ತದೆಯೋ ಅದನ್ನು ಚೆನ್ನಾಗಿ ಅಳೆಯುತ್ತದೆ. ಆದರೆ ಮಗುವಿನ ತಾಳ್ಮೆ, ಕರುಣೆ, ಕುತೂಹಲ, ಜೊತೆಗಾರರೊಂದಿಗೆ ಬದುಕುವ ಶಕ್ತಿ ಇವುಗಳನ್ನು ಅಳೆಯುವ ಪ್ರಶ್ನೆ ಅದರಲ್ಲಿಲ್ಲ. ವಸತಿ ಶಾಲೆಯಲ್ಲಿ ಮಗುವನ್ನು ನಿಲ್ಲಿಸುವುದು ಮಾತ್ರ ಇವುಗಳೇ. ಆದುದರಿಂದ ಆಯ್ಕೆಯಾದ ಮಗುವೆಲ್ಲ ಆ ಶಾಲೆಗೆ ಹೊಂದುವ ಮಗುವಲ್ಲ, ಆಯ್ಕೆಯಾಗದ ಮಗು ದಡ್ಡನೂ ಅಲ್ಲ. ಆರನೆಯ ತರಗತಿಯ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಲು ಅವಕಾಶವಿರುವುದರಿಂದ ಹೆತ್ತವರ ಆತಂಕ ಇಮ್ಮಡಿಯಾಗುತ್ತದೆ. ನಾಲ್ಕನೆಯ ತರಗತಿಯಿಂದಲೇ ಆಟ ಬಿಡಿಸಿ, ಮದ್ರಸಾ ಬಿಡಿಸಿ ತರಬೇತಿಗೆ ಅಟ್ಟುವುದು ಈ ಆತಂಕದ ಫಲ. ಮದ್ರಸಾ ಬಿಡಿಸಿ ಗಳಿಸಿದ ಸೀಟಿನಲ್ಲಿ ಕುಳಿತ ಮಗುವಿಗೆ ದೀನಿನ ಪಾಠ ಎಲ್ಲಿ ಉಳಿಯಿತು ಎಂದು ಆಮೇಲೆ ಚಿಂತಿಸಿ ಪ್ರಯೋಜನವೇನು? ಖಾಲಿಯಾದ ಸ್ಥಾನಗಳಿಗೆ ಒಂಬತ್ತನೆಯ ತರಗತಿಯಲ್ಲೂ ಪ್ರವೇಶ ಪರೀಕ್ಷೆ ನಡೆಯುತ್ತದೆ. ಹದಿನಾಲ್ಕರ ಮಗು ಹತ್ತರ ಮಗುವಿಗಿಂತ ಗಟ್ಟಿ. ಇಂದು ಮುಚ್ಚಿದ ಬಾಗಿಲು ಎಂದೆಂದಿಗೂ ಮುಚ್ಚಿದ್ದಲ್ಲ.

ಇನ್ನು ದೀನಿನ ಪ್ರಶ್ನೆ. 'ಅಲ್ಲಿ ಹೋದರೆ ಮಗು ಕೈತಪ್ಪುತ್ತದೆ' ಎಂಬ ಹಿರಿಯರ ಮಾತನ್ನು ಹಗುರವಾಗಿ ಕಾಣಬಾರದು, ಹಾಗೆಯೇ ಒಪ್ಪಿಕೊಳ್ಳಲೂಬಾರದು. ಏಳು ವರ್ಷಕ್ಕೆ ನಮಾಝ್ ಕಲಿಸಿ, ಹತ್ತಕ್ಕೆ ಅದರಲ್ಲಿ ಬಿಗಿಯಾಗಿರಿ ಎಂಬುದು ಪ್ರವಾದಿವರ್ಯರ(ಸ) ಶಿಕ್ಷಣ. ನವೋದಯಕ್ಕೆ ಹೋಗುವ ಮಗುವಿನ ವಯಸ್ಸು ಹೆಚ್ಚುಕಡಿಮೆ ಇದೇ ಹತ್ತು. ಅಂದರೆ ಮನೆಯಲ್ಲಿ ಬಿಗಿಯಾಗಬೇಕಾದ ಕಾಲಕ್ಕೆ ಮಗು ಮನೆಯಿಂದ ಹೊರಡುತ್ತದೆ. ಪ್ರಾಯಪ್ರಬುದ್ಧತೆಗೆ ತಲಪಿ ಧರ್ಮದ ಹೊಣೆಗಳು ಅದರ ಮೇಲೆ ಬರುವುದೂ ಅಲ್ಲಿರುವಾಗಲೇ. ಹಾಗಾಗಿ ಕೇಳಬೇಕಾದದ್ದು 'ಶಾಲೆ ದೀನನ್ನು ಕಲಿಸುತ್ತದೆಯೇ?' ಎಂದಲ್ಲ. ಸರಕಾರಿ ಶಾಲೆಯ ಕೆಲಸ ಅದಲ್ಲ. 'ಏಳರಿಂದ ಹತ್ತರವರೆಗಿನ ಮೂರು ವರ್ಷಗಳಲ್ಲಿ ನಾವೇನು ಕಲಿಸಿದ್ದೇವೆ?' ಎಂದು ಕೇಳಿಕೊಳ್ಳಬೇಕು. ಯಾರೂ ಎಬ್ಬಿಸದೆ ಫಜ್ರ್‌ಗೆ ಏಳುವ, ಮುಸ್‌ಹಫ್ ನೋಡಿ ತಡವರಿಸದೆ ಓದುವ, ವುಝೂವಿನ ಕ್ರಮ ಬಲ್ಲ ಮಗು ಹಾಸ್ಟೆಲಿನ ಮೂಲೆಯಲ್ಲೂ ನಮಾಝ್ ಮಾಡೀತು. ಮಸೀದಿಯ ಪಕ್ಕದಲ್ಲೇ ಮನೆಯಿದ್ದೂ ಮೊಬೈಲಿನಲ್ಲಿ ಮುಳುಗಿರುವ ಮಗು ಊರಿನಲ್ಲಿದ್ದೂ ಕೈತಪ್ಪಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ತಾಯಂದಿರಿಗೆ ಇನ್ನೊಂದು ಹೊಣೆಯಿದೆ. ಮುಟ್ಟು, ಶುದ್ಧಿ, ಸ್ನಾನದ ನಿಯಮಗಳನ್ನು ಸಂಕೋಚ ಬಿಟ್ಟು ಹೊರಡುವ ಮುನ್ನವೇ ತಿಳಿಸಿ. ಆ ದಿನ ಬಂದಾಗ ನೀವು ಬಳಿಯಲ್ಲಿರುವುದಿಲ್ಲ.

ಶಾಲೆಗೆ ಮೊದಲೇ ಭೇಟಿ ಕೊಟ್ಟು ಪ್ರಾಂಶುಪಾಲರನ್ನು ವಿನಯದಿಂದ ಕೆಲವು ಮಾತು ಕೇಳಿ. ದಿನಚರಿಗೆ ಅಡ್ಡಿಯಾಗದಂತೆ ಮಗು ಕೋಣೆಯಲ್ಲಿ ನಮಾಝ್ ಮಾಡಬಹುದೇ? ರಮಝಾನಿನಲ್ಲಿ ಉಪವಾಸ ಹಿಡಿಯುವ ದೊಡ್ಡ ಮಕ್ಕಳಿಗೆ ಸಹರಿಯ ಅನುಕೂಲವಿದೆಯೇ? ಮಾಂಸಾಹಾರ ಕೊಡುವುದುಂಟೇ, ಬೇಡವೆನ್ನುವ ಮಗುವಿಗೆ ಬದಲು ಏನು ಸಿಗುತ್ತದೆ? ಹಬ್ಬಕ್ಕೆ ಮನೆಗೆ ಕಳುಹಿಸುವ ನಿಯಮವೇನು? ಹೆಣ್ಣುಮಕ್ಕಳ ತಲೆವಸ್ತ್ರದ ಬಗ್ಗೆ ಸಮವಸ್ತ್ರ ನಿಯಮ ಏನು ಹೇಳುತ್ತದೆ? 2022ರಲ್ಲಿ ನಮ್ಮ ರಾಜ್ಯದಲ್ಲಿ ಎದ್ದ ವಿವಾದ, ಉಚ್ಚ ನ್ಯಾಯಾಲಯದ ತೀರ್ಪು, ಬಳಿಕ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಇವನ್ನೆಲ್ಲ ಕಂಡಿದ್ದೇವೆ. ವರ್ಷದ ನಡುವೆ ಗೇಟಿನಲ್ಲಿ ನಿಂತು ಮಗು ಅಳುವುದಕ್ಕಿಂತ, ಮೊದಲೇ ಕೇಳಿ ತಿಳಿದು ನಿರ್ಧರಿಸುವುದು ಆ ಮಗುವಿನ ಘನತೆಗೆ ಒಳ್ಳೆಯದು. ಗಾಳಿಮಾತನ್ನು ನಂಬಿ ಹಿಂಜರಿಯುವುದಕ್ಕಿಂತಲೂ ಒಳ್ಳೆಯದು. ಕೇಳಿದರೆ ಅನೇಕ ಕಡೆ ಸಹೃದಯರೇ ಸಿಗುತ್ತಾರೆ.

ಭಾಷೆಯ ವಿಚಾರವನ್ನು ನಮ್ಮವರು ಸಾಮಾನ್ಯವಾಗಿ ಮರೆಯುತ್ತಾರೆ. ನಮ್ಮ ಮನೆಗಳಲ್ಲಿ ಬ್ಯಾರಿ, ಉರ್ದು, ನವಾಯತಿ, ದಖ್ಖನಿ, ಶಾಲೆಯಲ್ಲಿ ಕನ್ನಡ. ನವೋದಯದ ಕ್ರಮದಲ್ಲಿ ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ಪ್ರಾದೇಶಿಕ ಭಾಷೆಯಲ್ಲಿ ಬೋಧನೆ, ಅನಂತರ ಗಣಿತ-ವಿಜ್ಞಾನಗಳು ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ. ಒಂಬತ್ತನೆಯ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷಾ ಪ್ರದೇಶದ ನವೋದಯಕ್ಕೆ ಕಳುಹಿಸುವ ಯೋಜನೆಯೂ ಇದೆ. ನಮ್ಮ ಮಕ್ಕಳು ಹಿಂದಿ ಪ್ರದೇಶಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶವನ್ನು ಅರಿಯಲು ಇದು ಚೆಲುವಾದ ಅವಕಾಶ. ಜನಾಂಗ, ಗೋತ್ರಗಳನ್ನು ಪರಸ್ಪರ ಅರಿಯುವುದಕ್ಕಾಗಿಯೇ ಮಾಡಲಾಯಿತೆಂದು ಕುರ್‌ಆನ್ ಹೇಳುತ್ತದಲ್ಲವೇ? ಹೊಸ ಭಾಷೆಗೆ ಬೇಗ ಒಗ್ಗುವ ಮಗು ಇದರಿಂದ ಅರಳುತ್ತದೆ. ತರಗತಿಯಲ್ಲಿ ಬಾಯಿ ತೆರೆಯಲು ಅಂಜುವ, ನಿಧಾನವಾಗಿ ಕಲಿಯುವ ಮಗುವಿಗೆ ಇದೇ ಹೊರೆಯಾದೀತು. ನಿಮ್ಮ ಮಗು ಯಾವ ಬಗೆಯದೆಂದು ನಿಮಗೆ ತಿಳಿದಿರಬೇಕು.

ಹೊಂದಿಕೆಯನ್ನು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಕಿಲ್ಲ. ರಜೆಯಲ್ಲಿ ಒಂದು ವಾರ ಮಗುವನ್ನು ಮಾವನ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಬಿಟ್ಟು ನೋಡಿ. ತನ್ನ ಬಟ್ಟೆ ತಾನೇ ಒಗೆಯುತ್ತದೆಯೇ? ಬಡಿಸಿದ್ದನ್ನು ಉಣ್ಣುತ್ತದೆಯೇ? ಹೊಟ್ಟೆನೋವು ಬಂದರೆ ಹಿರಿಯರಿಗೆ ಹೇಳುತ್ತದೆಯೇ, ಇಲ್ಲವೇ ನುಂಗಿಕೊಳ್ಳುತ್ತದೆಯೇ? ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಯಾರಾದರೂ ಹೊಡೆದರೆ, ಹೀಯಾಳಿಸಿದರೆ, ಮೈಮುಟ್ಟಿ ಅಸಭ್ಯವಾಗಿ ವರ್ತಿಸಿದರೆ ಕೂಡಲೇ ಶಿಕ್ಷಕರಿಗೂ ನಿಮಗೂ ಹೇಳಬೇಕೆಂದು, ಹೇಳಿದರೆ ನೀವು ಬೈಯುವುದಿಲ್ಲವೆಂದು ಅದಕ್ಕೆ ಮನವರಿಕೆಯಾಗಿರಬೇಕು. ಮಕ್ಕಳ ಸಹಾಯವಾಣಿ 1098 ಅದಕ್ಕೆ ಬಾಯಿಪಾಠವಾಗಿರಲಿ. ಹೇಳಲು ಬಾರದ ಮಗುವನ್ನು ಎಷ್ಟೇ ಒಳ್ಳೆಯ ವಸತಿ ಶಾಲೆಗಾದರೂ ಕಳುಹಿಸಲು ಅವಸರಪಡಬೇಡಿ.

ಸೇರಿಸಿದ ಮೇಲೆ ಮೊದಲ ವಾರಗಳ ಅಳು ಸಹಜ. ಅದಕ್ಕೆ ಕರಗಿ ಮೂರನೆಯ ದಿನವೇ ಚೀಲ ಕಟ್ಟಿ ತರುವುದು ಸರಿಯಲ್ಲ. ಆದರೆ ತಿಂಗಳುಗಳು ಕಳೆದರೂ ಮಗು ಊಟ ಬಿಟ್ಟಿದ್ದರೆ, ಸೊರಗುತ್ತಿದ್ದರೆ, ಮಾತು ಕಡಿಮೆ ಮಾಡಿದ್ದರೆ, ಹಾಸಿಗೆ ಒದ್ದೆ ಮಾಡತೊಡಗಿದ್ದರೆ ಅದನ್ನು ಹಟವೆಂದು ಕಾಣಬಾರದು. ಲಾಭ ಗಳಿಸುವುದಕ್ಕಿಂತ ಹಾನಿ ತಡೆಯುವುದು ಮೊದಲು ಎಂಬುದು ನಮ್ಮ ಫಿಕ್ಹ್‌ನ ಪ್ರಸಿದ್ಧ ಸೂತ್ರ. ಅಂತಹ ಮಗುವನ್ನು ಮನೆಗೆ ಕರೆತರುವುದು ಸೋಲಲ್ಲ. 'ಊರಿನವರು ಏನೆಂದುಕೊಳ್ಳುತ್ತಾರೆ' ಎಂಬ ಮಾತು ಆಗ ನಿಮ್ಮ ಮನೆಯಲ್ಲಿ ಕೇಳಿಸದಿರಲಿ.

ಹೆಣ್ಣುಮಕ್ಕಳ ಕುರಿತು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಗನಿಗೆ ಸೀಟು ಸಿಕ್ಕಿದರೆ ಸಿಹಿ ಹಂಚುವ, ಮಗಳಿಗೆ ಸಿಕ್ಕಿದರೆ ಕಾಗದವನ್ನು ಕಪಾಟಿನಲ್ಲಿಡುವ ಮನೆಗಳು ನಮ್ಮಲ್ಲಿವೆ. ಹೊಂದುವುದಿಲ್ಲವೆಂಬ ಕಾರಣಕ್ಕೆ ಮಗಳನ್ನು ಕಳುಹಿಸದಿರುವುದು ಹೆತ್ತವರ ಹಕ್ಕು. ಹೆಣ್ಣೆಂಬ ಒಂದೇ ಕಾರಣಕ್ಕೆ ಕಳುಹಿಸದಿರುವುದು ಬೇರೆ ವಿಷಯ. ಇಬ್ಬರಿಗೂ ಒಂದೇ ಅಳತೆಗೋಲು ಇಡಿ. ಮಗಳು ಆ ಅಳತೆಯಲ್ಲಿ ಗೆದ್ದರೆ ತಡೆಯಬೇಡಿ. ತಡೆಯುವುದಾದರೆ ಊರಿನಲ್ಲೇ ಅಷ್ಟೇ ಒಳ್ಳೆಯ ಓದನ್ನು ಹತ್ತನೆಯ ತರಗತಿ ದಾಟಿಸಿ ಕೊಡುವ ಹೊಣೆ ನಿಮ್ಮದು.

ಇದೊಂದೇ ಬಾಗಿಲೆಂದೂ ಭಾವಿಸಬೇಡಿ. ರಾಜ್ಯದಲ್ಲಿ ಆರರಿಂದ ಹತ್ತನೆಯ ತರಗತಿಯವರೆಗೆ ಉಚಿತ ವಸತಿ ಶಿಕ್ಷಣ ಕೊಡುವ ಮೊರಾರ್ಜಿ ದೇಸಾಯಿ ಶಾಲೆಗಳಿವೆ. ಅವುಗಳಲ್ಲಿ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಶಾಲೆಗಳು ಬಹುಪಾಲು ಸ್ಥಾನಗಳನ್ನು ಅಲ್ಪಸಂಖ್ಯಾತ ಮಕ್ಕಳಿಗೆ ಮೀಸಲಿಟ್ಟಿವೆ. ಪ್ರವೇಶ ಪರೀಕ್ಷೆಯ ಮೂಲಕ ಸೇರಿ ಸಂಜೆ ಮನೆಗೆ ಮರಳಬಹುದಾದ ಆದರ್ಶ ವಿದ್ಯಾಲಯಗಳಿವೆ, ಮೌಲಾನಾ ಆಝಾದ್ ಮಾದರಿ ಶಾಲೆಗಳಿವೆ. ಮನೆಯನ್ನು ಬಿಟ್ಟಿರಲಾರದ ಜಾಣ ಮಗುವಿಗೆ ಇಂತಹ ಶಾಲೆಯೇ ನವೋದಯಕ್ಕಿಂತ ಹೆಚ್ಚು ಹೊಂದಬಹುದು. ಮದ್ರಸಾವೂ ಉಳಿಯುತ್ತದೆ, ತಾಯಿಯ ಕೈತುತ್ತೂ ಉಳಿಯುತ್ತದೆ. ದಾಖಲೆಗಳ ವಿಷಯದಲ್ಲೂ ಒಂದು ಸೂಚನೆ: ನಮ್ಮವರ ಕೈಯಲ್ಲಿರುವ ರಾಜ್ಯದ 2ಬಿ ಪ್ರಮಾಣಪತ್ರ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪ್ರಮಾಣಪತ್ರ ಬೇರೆ. ನವೋದಯಕ್ಕೆ ಬೇಕಾದದ್ದು ಎರಡನೆಯದು. ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಪತ್ರ ಮಾಡಿಸಿಟ್ಟುಕೊಳ್ಳಿ. ಅರ್ಹವಾದ ಸೀಟು ಒಂದು ಕಾಗದದ ಕೊರತೆಯಿಂದ ತಪ್ಪಬಾರದು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ ಇಷ್ಟು. ಅರ್ಹತೆಯಿರುವ ಪ್ರತಿ ಮಗುವಿಗೂ ಪರೀಕ್ಷೆ ಬರೆಸಿ. ಭಯದಿಂದಲೋ ಅಜ್ಞಾನದಿಂದಲೋ ಬಾಗಿಲಿನ ಬಳಿಗೇ ಹೋಗದಿರುವುದು ನಾವು ಇನ್ನೂ ಬಿಡಬೇಕಾದ ಹಳೆಯ ಚಾಳಿ. ಆದರೆ ಬಾಗಿಲು ತೆರೆದ ಕಾರಣಕ್ಕೇ ಮಗುವನ್ನು ಒಳಗೆ ತಳ್ಳಬೇಡಿ. ಅನಸ್ ಬಿನ್ ಮಾಲಿಕ್(ರ)ರನ್ನು ಅವರ ತಾಯಿ ಉಮ್ಮು ಸುಲೈಮ್(ರ) ಹತ್ತು ವರ್ಷದ ಪ್ರಾಯದಲ್ಲೇ ಪ್ರವಾದಿವರ್ಯರ(ಸ) ಸೇವೆಗೆ ಒಪ್ಪಿಸಿದರು. ಹತ್ತು ವರ್ಷಗಳ ಆ ಸೇವಾಕಾಲದಲ್ಲಿ ಪ್ರವಾದಿ(ಸ) ತನ್ನನ್ನು ಒಮ್ಮೆಯೂ ಗದರಿಸಲಿಲ್ಲವೆಂದು ಅನಸ್(ರ) ನೆನೆಯುತ್ತಿದ್ದರು. ಹತ್ತರ ಮಗುವನ್ನು ಒಪ್ಪಿಸುವುದು ತಪ್ಪಲ್ಲ. ಯಾರ ಕೈಗೆ, ಯಾವುದಕ್ಕಾಗಿ, ಎಂತಹ ಮಗುವನ್ನು ಒಪ್ಪಿಸುತ್ತಿದ್ದೇವೆ ಎಂಬುದನ್ನು ಆ ತಾಯಿ ಬಲ್ಲವಳಾಗಿದ್ದಳು. ಅಷ್ಟನ್ನು ನಾವೂ ಬಲ್ಲವರಾಗಿದ್ದರೆ, ಕಳುಹಿಸಿದರೂ ಕಳುಹಿಸದಿದ್ದರೂ ನಮ್ಮ ನಿರ್ಧಾರದಲ್ಲಿ ಇನ್‌ಶಾ ಅಲ್ಲಾಹ್ ಒಳಿತಿದೆ.